ಫಾರ್ಮ್ಯಾಟ್ ಮಾಡಿಸಿದರೆ ಸ್ಪೈವೇರ್ ಹೋಗುತ್ತದಾ?

ಮಳೆಗಾಲ ಕಳೆದು ನೇಮ, ಜಾತ್ರೆ, ಬ್ರಹ್ಮಕಲಶಗಳ ಕಾಲ ಬಂತೆಂದರೆ ಕಾಸರಗೋಡಿನ ಡಿಟಿಪಿ ಅಂಗಡಿಗಳಿಗೆ ಪುರುಸೊತ್ತೇ ಇರುವುದಿಲ್ಲ. ಆಮಂತ್ರಣ ಪತ್ರಿಕೆ, ಬಯಲಾಟದ ಕರಪತ್ರ, ಮದುವೆ ಕಾಗದ, ಬ್ಯಾನರ್. ಕುಂಬಳೆ, ಬದಿಯಡ್ಕ, ಉಪ್ಪಳ, ಮುಳ್ಳೇರಿಯ, ಎಲ್ಲಿಗೆ ಹೋದರೂ ಒಂದು ಕಂಪ್ಯೂಟರಿನ ಸುತ್ತ ನಾಲ್ಕು ಜನ. ಒಬ್ಬರ ಕೈಯಲ್ಲಿ ಪೆನ್‌ಡ್ರೈವ್, ಇನ್ನೊಬ್ಬರಿಗೆ ಆಧಾರ್ ಪ್ರಿಂಟ್ ಬೇಕು, ಮತ್ತೊಬ್ಬರ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಾ ಉಂಟು. ಅದೇ ಕಂಪ್ಯೂಟರಿನಲ್ಲಿ ಅಂಗಡಿಯವರ ಜಿಮೇಲ್ ಸದಾ ತೆರೆದಿರುತ್ತದೆ. ಬ್ಯಾಂಕಿನ ಕೆಲಸವೂ ಅದರಲ್ಲೇ. ಯಾವಾಗಲೋ ಒಮ್ಮೆ ಅದು ತೆವಳಲು ಶುರು ಮಾಡಿದರೆ ಎಲ್ಲರೂ ಹೇಳುವುದು ಒಂದೇ ಮಾತು: ‘ಒಂದು ಫಾರ್ಮ್ಯಾಟ್ ಹೊಡೆಸಿ ಮಾರಾಯ್ರೆ, ಸರಿ ಆಗ್ತದೆ.’

ವೇಗದ ಮಟ್ಟಿಗೆ ಸರಿ ಆಗುವುದೂ ಹೌದು. ಆದರೆ ತೊಂದರೆಯ ಮೂಲ ಸ್ಪೈವೇರ್ (ಗುಟ್ಟಾಗಿ ಒಳಹೊಕ್ಕು ಮಾಹಿತಿ ಕದಿಯುವ ತಂತ್ರಾಂಶ) ಆಗಿದ್ದರೆ ಈ ಮಾತು ಅರ್ಧ ಮಾತ್ರ ನಿಜ. ಈಗಿನ ಸ್ಪೈವೇರ್ ಕದಿಯಬೇಕಾದ್ದನ್ನು ಕೆಲವೇ ನಿಮಿಷಗಳಲ್ಲಿ ಕದ್ದು ಕಳಿಸಿರುತ್ತದೆ. ಆಮೇಲೆ ಡಿಸ್ಕ್ ಒರೆಸಿದರೆ ಕದ್ದದ್ದು ವಾಪಸ್ ಬರುವುದಿಲ್ಲ. ಮತ್ತೆ, ಫಾರ್ಮ್ಯಾಟ್ ಮಾಡಿ ಹಾಕುವ ಆ ‘ರೆಡಿ’ ವಿಂಡೋಸ್ ಎಲ್ಲಿಂದ ಬಂದದ್ದು ಎಂದು ಯಾರೂ ಕೇಳುವುದಿಲ್ಲ.

ಸ್ಪೈವೇರ್ ಅಂದ ಕೂಡಲೇ ಜಾಸ್ತಿ ಜನರಿಗೆ ನೆನಪಾಗುವುದು 2021ರ ಪೆಗಾಸಸ್ ಗಲಾಟೆ. ಅದು ಸರ್ಕಾರಗಳಿಗೆ ಮಾರುವ ದುಬಾರಿ ಸರಕು, ಹೊಕ್ಕುವುದು ಫೋನಿಗೆ. ಸೀತಾಂಗೋಳಿಯ ಅಡಿಕೆ ವ್ಯಾಪಾರಿಯ ಕಂಪ್ಯೂಟರಿಗೆ ಅಷ್ಟು ಖರ್ಚು ಮಾಡಿ ಬರುವವರು ಯಾರೂ ಇಲ್ಲ. ಅಲ್ಲಿಗೆ ಬರುವುದು ಅಗ್ಗದ ಮಾಲು. ಸುಮಾರು 20 ವರ್ಷದ ಹಿಂದೆ ಇದೇ ಮಾಲು ಬ್ರೌಸರಿನ ಮುಖಪುಟ ಬದಲಾಯಿಸುತ್ತಿತ್ತು, ಜಾಹೀರಾತು ತೋರಿಸಿ ತೋರಿಸಿ ಸತಾಯಿಸುತ್ತಿತ್ತು. ಕಾಟ ಕೊಡುತ್ತಿದ್ದ ಕಾರಣ ಅದು ಒಳಗೆ ಇದೆ ಎಂದಾದರೂ ಗೊತ್ತಾಗುತ್ತಿತ್ತು. ಈಗಿನದ್ದು ಸದ್ದು ಮಾಡುವುದಿಲ್ಲ. ಇದಕ್ಕೆ ಇನ್ಫೋಸ್ಟೀಲರ್, ಅಂದರೆ ಮಾಹಿತಿ ಕಳ್ಳ, ಎಂದು ಹೆಸರು; ಚಿಕ್ಕದಾಗಿ ಸ್ಟೀಲರ್. ರೆಡ್‌ಲೈನ್, ಲುಮ್ಮಾ, ವಿಡಾರ್ ಎಲ್ಲ ಇದೇ ಜಾತಿ. ಬರೆಯುವವರು ಬೇರೆ, ಹರಡುವವರು ಬೇರೆ. ತಿಂಗಳ ಚಂದಾ ಕಟ್ಟಿದವರಿಗೆ ಬಾಡಿಗೆಗೆ ಸಿಗುತ್ತದೆ. ರೆಡ್‌ಲೈನಿನ ಸರ್ವರುಗಳನ್ನು 2024ರ ಅಕ್ಟೋಬರಿನಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಹಿಡಿದರು. 2025ರ ಮೇಯಲ್ಲಿ ಲುಮ್ಮಾದ ಸರದಿ ಬಂತು. ಆ ವರ್ಷ ಮಾರ್ಚ್ 16ರಿಂದ ಮೇ 16ರ ಒಳಗೆ, ಬರೇ ಎರಡು ತಿಂಗಳಲ್ಲಿ, ಜಗತ್ತಿನಾದ್ಯಂತ 3 ಲಕ್ಷ 94 ಸಾವಿರಕ್ಕಿಂತ ಜಾಸ್ತಿ ವಿಂಡೋಸ್ ಕಂಪ್ಯೂಟರುಗಳಿಗೆ ಲುಮ್ಮಾ ಹೊಕ್ಕಿತ್ತು ಎಂದು ಮೈಕ್ರೋಸಾಫ್ಟ್ ಹೇಳಿತು.

ಹೊಕ್ಕುವುದು ಹೇಗೆ? ನಮ್ಮ ಊರಿನ ಮಟ್ಟಿಗೆ ಮೊದಲ ಹೆಸರು ಕ್ರ್ಯಾಕ್‌ನದ್ದೇ, ಅಂದರೆ ದುಡ್ಡಿನ ತಂತ್ರಾಂಶದ ಬೀಗ ಮುರಿದು ಪುಕ್ಕಟೆ ಓಡುವಂತೆ ಮಾಡಿದ್ದು. ಮಂಗಳೂರಿನಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಇರಲಿ, ಗಲ್ಫಿನಿಂದ ಅಣ್ಣ ತಂದುಕೊಟ್ಟ ಲ್ಯಾಪ್‌ಟಾಪ್ ಇರಲಿ, ಅದರಲ್ಲಿ ಆಫೀಸ್, ಫೋಟೋಶಾಪ್, ಕೋರೆಲ್‌ಡ್ರಾ ದುಡ್ಡು ಕೊಟ್ಟು ಹಾಕಿಸಿದವರು ಅಪರೂಪ. ಕ್ರ್ಯಾಕ್ ಹುಡುಕುವ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಯೂಟ್ಯೂಬಿನಲ್ಲಿ ಒಂದು ವಿಡಿಯೋ, ಅದರ ಕೆಳಗೆ ಒಂದು ಲಿಂಕ್. ಲಿಂಕ್ ಒತ್ತಿದರೆ ಒಂದು ಜಿಪ್ ಫೈಲ್ ಇಳಿಯುತ್ತದೆ. ಅದಕ್ಕೆ ಪಾಸ್‌ವರ್ಡ್ 1234. ಫ್ರೀಯಾಗಿ ಕೊಡುವ ಫೈಲಿಗೆ ಬೀಗ ಯಾಕೆ? ಬೀಗ ಹಾಕಿದ ಜಿಪ್‌ನ ಒಳಗೆ ಆಂಟಿವೈರಸ್ ಇಣುಕಿ ನೋಡಲು ಆಗುವುದಿಲ್ಲ, ಅದಕ್ಕೆ. ಬಿಚ್ಚಿದರೆ ‘ಸೆಟಪ್’ ಎಂಬ ಫೈಲ್, 700 ಎಂಬಿ. ಅದರಲ್ಲಿ ಮುಕ್ಕಾಲು ಪಾಲು ಸುಮ್ನೆ ತುಂಬಿಸಿದ ಸೊನ್ನೆಗಳೂ ಇರಬಹುದು. ತೀರಾ ದೊಡ್ಡ ಫೈಲುಗಳನ್ನು ಕೆಲವು ಸ್ಕ್ಯಾನರುಗಳು ನೋಡದೆ ಬಿಡುತ್ತವೆ ಎಂದು ಇದನ್ನು ಮಾಡಿದವರಿಗೆ ಗೊತ್ತು. ಜೊತೆಗೆ ಒಂದು ರೀಡ್‌ಮಿ: ‘ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ.’ ನಾವೇ ಕೈಯಾರೆ ಆಫ್ ಮಾಡುತ್ತೇವೆ! ಇನ್ನು ಅದಕ್ಕೆ ಒಡೆದು ಒಳಗೆ ಬರುವ ಕಷ್ಟ ಏನುಂಟು?

ವಿಂಡೋಸನ್ನು ಪುಕ್ಕಟೆ ಆಕ್ಟಿವೇಟ್ ಮಾಡುವ ಕೆಎಂಎಸ್‌ಪಿಕೋ ಎಂಬ ಸಾಧನದ ಹೆಸರು ಡಿಟಿಪಿ ಅಂಗಡಿಯವರಿಗೆಲ್ಲ ಪರಿಚಯ. ಅದರ ನಕಲಿ ಇನ್‌ಸ್ಟಾಲರುಗಳ ಒಳಗೆ ಕ್ರಿಪ್ಟ್‌ಬಾಟ್ ಎಂಬ ಕಳ್ಳ ಕೂತಿರುವುದನ್ನು ರೆಡ್ ಕ್ಯಾನರಿ ಎಂಬ ಭದ್ರತಾ ಕಂಪನಿ 2021ರ ಡಿಸೆಂಬರಿನಲ್ಲೇ ತೋರಿಸಿತ್ತು. ತಮಾಷೆ ಎಂದರೆ ಅಂಥ ಇನ್‌ಸ್ಟಾಲರಿನಲ್ಲಿ ಆಕ್ಟಿವೇಶನ್ ಕೂಡ ಸರಿಯಾಗಿಯೇ ಆಗುತ್ತದೆ. ಕೇಳಿದ ಕೆಲಸ ಆಯಿತಲ್ಲ, ಇನ್ನು ಯಾರಿಗೆ ಅನುಮಾನ ಬರುತ್ತದೆ?

ಹಾಗಂತ ಕ್ರ್ಯಾಕ್ ಮುಟ್ಟದವರು ನಿಶ್ಚಿಂತೆಯಿಂದ ಇರಬಹುದು ಎಂದಲ್ಲ. ಕಂಪ್ಯೂಟರ್ ಚೊಕ್ಕ ಮಾಡುವ ಸಿಸಿಕ್ಲೀನರ್ ಗೊತ್ತಲ್ವಾ? 2017ರಲ್ಲಿ ಅದನ್ನು ಮಾಡುವ ಕಂಪನಿಯ ಸರ್ವರಿಗೇ ನುಗ್ಗಿ ಅಸಲಿ ಇನ್‌ಸ್ಟಾಲರಿನಲ್ಲೇ ದುಷ್ಟ ಕೋಡ್ ಸೇರಿಸಿದ್ದರು. 22 ಲಕ್ಷಕ್ಕಿಂತ ಜಾಸ್ತಿ ಕಂಪ್ಯೂಟರುಗಳಿಗೆ ಅದು ಇಳಿಯಿತು. ಅಂಥದ್ದು ಅಪರೂಪ. ಆದ ಮೇಲೆ ಸುದ್ದಿಯಾಗುತ್ತದೆ, ಅಪ್‌ಡೇಟ್ ಬರುತ್ತದೆ. ಕ್ರ್ಯಾಕಿನಲ್ಲಿ ಬಂದದ್ದರ ಸುದ್ದಿ ಯಾರೂ ಹೇಳುವುದಿಲ್ಲ.

ಕನ್ನಡದವರಿಗೆ ಇನ್ನೊಂದು ದಾರಿ ವಿಶೇಷವಾಗಿ ತೆರೆದಿದೆ. ಕನ್ನಡ ಟೈಪಿಂಗಿಗೆ ನುಡಿ ಬೇಕು, ಬರಹ ಬೇಕು, ಫಾಂಟ್ ಬೇಕು ಎಂದು ಹುಡುಕಿದರೆ ಅಸಲಿ ಜಾಗಕ್ಕಿಂತ ಮೊದಲು ಯಾವುದೋ ‘ಫ್ರೀ ಡೌನ್‌ಲೋಡ್’ ತಾಣ ಎದುರಾಗುವುದುಂಟು. ನುಡಿಯನ್ನು ಮಾಡಿದ್ದು ಕನ್ನಡ ಗಣಕ ಪರಿಷತ್ತು. ಅದು ಪುಕ್ಕಟೆ ಸಿಗುವ ತಂತ್ರಾಂಶವೇ. ಆದರೆ ಆ ತಾಣಗಳಲ್ಲಿ ಡೌನ್‌ಲೋಡ್ ಎಂದು ಬರೆದ ಮೂರು ಗುಂಡಿಗಳು ಇದ್ದರೆ ಅದರಲ್ಲಿ ಎರಡು ಜಾಹೀರಾತು. ತಪ್ಪಿ ಒತ್ತಿದರೆ ಇಳಿಯುವುದು ನುಡಿ ಅಲ್ಲ. ಬರೇ ಅರ್ಜಿ, ಪತ್ರ, ಫೇಸ್‌ಬುಕ್ ಬರೆಯುವವರಿಗೆ ಇದ್ಯಾವುದೂ ಬೇಕಾಗಿಯೇ ಇಲ್ಲ. 2019ರ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲೇ ಕನ್ನಡದ ಫೊನೆಟಿಕ್ ಕೀಬೋರ್ಡ್ ಉಂಟು. ಭಾಷೆಯ ಸೆಟ್ಟಿಂಗಿಗೆ ಹೋಗಿ ಕನ್ನಡ ಸೇರಿಸಿಕೊಂಡರೆ ಮುಗಿಯಿತು. ಪೇಜ್‌ಮೇಕರಿಗೆ ಹಳೆಯ ನುಡಿ ಫಾಂಟೇ ಬೇಕಾದ ಡಿಟಿಪಿಯವರ ಕಷ್ಟ ಬೇರೆ. ಅವರು ಅಸಲಿ ಇನ್‌ಸ್ಟಾಲರನ್ನು ಒಮ್ಮೆ ಇಳಿಸಿ ಜೋಪಾನ ಮಾಡಿ ಇಟ್ಟುಕೊಳ್ಳುವುದು ಒಳ್ಳೆಯದು.

ಈಚೆಗೆ ಜೋರಾಗಿರುವ ಉಪಾಯಕ್ಕೆ ಕ್ಲಿಕ್‌ಫಿಕ್ಸ್ ಎಂದು ಹೆಸರು. ಇದರಲ್ಲಿ ಡೌನ್‌ಲೋಡೇ ಕಾಣಿಸುವುದಿಲ್ಲ. ಒಂದು ತಾಣ ತೆರೆದಾಗ ‘ನೀವು ರೋಬೋಟ್ ಅಲ್ಲ ಎಂದು ತೋರಿಸಿ’ ಎಂಬ ಪೆಟ್ಟಿಗೆ ಬರುತ್ತದೆ. ನಾವು ದಿನಾ ನೋಡುವಂಥದ್ದೇ. ಒತ್ತಿದರೆ ಮೂರು ಹೆಜ್ಜೆ ಹೇಳುತ್ತದೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ಮೊದಲನೆಯದು ‘ರನ್’ ಪೆಟ್ಟಿಗೆ ತೆರೆಯುತ್ತದೆ. ಎರಡನೆಯದು, ನೀವು ಆ ಪೆಟ್ಟಿಗೆ ಒತ್ತಿದಾಗಲೇ ತಾಣವು ಗುಟ್ಟಾಗಿ ಕಾಪಿ ಮಾಡಿಟ್ಟ ಆಜ್ಞೆಯನ್ನು ಅಲ್ಲಿ ಪೇಸ್ಟ್ ಮಾಡುತ್ತದೆ. ಎಂಟರ್ ಒತ್ತಿದರೆ ಆಜ್ಞೆಗಳನ್ನು ನಡೆಸುವ ವಿಂಡೋಸಿನ ಸಾಧನ ಪವರ್‌ಶೆಲ್ ಓಡಿ ಲುಮ್ಮಾದಂಥದ್ದನ್ನು ಎಳೆದು ತರುತ್ತದೆ. ಆಜ್ಞೆ ಕೊಟ್ಟದ್ದು ನೀವೇ ಆದ ಕಾರಣ ಬ್ರೌಸರಿನ ಎಚ್ಚರಿಕೆಗಳು ಯಾವುವೂ ಬರುವುದಿಲ್ಲ. ರೋಬೋಟ್ ಅಲ್ಲ ಎಂದು ತೋರಿಸುವ ಅಸಲಿ ಪೆಟ್ಟಿಗೆ, ಅಂದರೆ ಕ್ಯಾಪ್ಚಾ, ಯಾವತ್ತೂ ಬ್ರೌಸರಿನ ಹೊರಗೆ ಏನನ್ನೂ ಒತ್ತಲು ಹೇಳುವುದಿಲ್ಲ. ಈ ಲೇಖನದಲ್ಲಿ ಒಂದೇ ಸಾಲು ಮನೆಯವರಿಗೆ ಓದಿ ಹೇಳುವುದಾದರೆ ಇದನ್ನು ಹೇಳಿ.

ಪೆನ್‌ಡ್ರೈವಿನ ಕತೆ ಹಳೆಯದು, ಆದರೆ ಅಂಗಡಿಗಳಲ್ಲಿ ಇನ್ನೂ ನಡೆಯುತ್ತಿದೆ. ಗಿರಾಕಿ ಕೊಟ್ಟ ಪೆನ್‌ಡ್ರೈವ್ ತೆರೆದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಐಕಾನಿನ ಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತು, ಅಷ್ಟೇ ವ್ಯತ್ಯಾಸ. ಅಸಲಿ ಫೋಲ್ಡರ್ ಅಲ್ಲೇ ಇದೆ, ಅಡಗಿಸಿ ಇಟ್ಟಿದೆ. ಶಾರ್ಟ್‌ಕಟ್ ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದಿನಿಂದ ಒಂದು ಸ್ಕ್ರಿಪ್ಟೂ ಓಡುತ್ತದೆ. ಆಮೇಲೆ ಆ ಕಂಪ್ಯೂಟರಿಗೆ ಚುಚ್ಚಿದ ಪ್ರತಿ ಪೆನ್‌ಡ್ರೈವಿಗೂ ಅದೇ ಗತಿ. ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಬರೆದುಕೊಳ್ಳುವ, ವೆಬ್‌ಕ್ಯಾಮ್ ತೆರೆಯುವ ಎನ್‌ಜೆರ್ಯಾಟ್‌ನಂಥ ಸ್ಪೈವೇರ್ ಹೀಗೆ ಪೆನ್‌ಡ್ರೈವಿನಿಂದ ಹರಡಿದ್ದುಂಟು. ಫೈಲ್ ಎಕ್ಸ್‌ಪ್ಲೋರರಿನಲ್ಲಿ ‘ಹಿಡನ್ ಐಟಮ್ಸ್’ ಮತ್ತು ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎರಡನ್ನೂ ಟಿಕ್ ಮಾಡಿಟ್ಟರೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ. ಇಮೇಲಿನಲ್ಲಿ ಬರುವ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ತರದ ಫೈಲಿನ ಬಾಲ ಕಾಣುವುದೂ ಆಗಲೇ.

ಒಳಗೆ ಬಂದ ಮೇಲೆ ಅದು ಏನು ಮಾಡುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ತೆಗೆಯುವ ಕ್ರಮವೂ ಅರ್ಥವಾಗುವುದಿಲ್ಲ. ಮೊದಲು ಬ್ರೌಸರಿಗೆ ಕೈ ಹಾಕುತ್ತದೆ. ‘ಪಾಸ್‌ವರ್ಡ್ ಸೇವ್ ಮಾಡಲೇ?’ ಎಂದು ಕೇಳಿದಾಗಲೆಲ್ಲ ಹೂಂ ಅಂದಿರುತ್ತೇವೆ. ಅದೆಲ್ಲ ಗುಪ್ತಲಿಪಿಯಲ್ಲೇ ಇರುತ್ತದೆ, ಆದರೆ ನಿಮ್ಮ ಹೆಸರಿನಲ್ಲೇ ಓಡುವ ಪ್ರೋಗ್ರಾಮಿಗೆ ಅದನ್ನು ಬಿಡಿಸುವುದು ಕಷ್ಟವಲ್ಲ. 2024ರ ಜುಲೈಯಿಂದ ಕ್ರೋಮ್ ಈ ಬೀಗವನ್ನು ಗಟ್ಟಿ ಮಾಡಲು ಶುರು ಮಾಡಿತು. ಸ್ಟೀಲರ್ ಬರೆಯುವವರು ಅದಕ್ಕೂ ದಾರಿ ಹುಡುಕಿದರು. ಪಾಸ್‌ವರ್ಡಿಗಿಂತ ಬೆಲೆ ಬಾಳುವುದು ಕುಕಿ. ಒಮ್ಮೆ ಲಾಗಿನ್ ಆದ ಮೇಲೆ ಜಿಮೇಲ್ ದಿನಾ ಪಾಸ್‌ವರ್ಡ್ ಕೇಳುವುದಿಲ್ಲ ಅಲ್ವಾ? ನೀವು ಆಗಲೇ ಒಳಗೆ ಬಂದವರು ಎಂಬ ಗುರುತು ಕುಕಿಯಾಗಿ ಬ್ರೌಸರಿನಲ್ಲಿ ಉಳಿದಿರುತ್ತದೆ. ಆ ಕುಕಿಯನ್ನು ಬೇರೆಲ್ಲೋ ಕೂತವರು ತಮ್ಮ ಬ್ರೌಸರಿಗೆ ಹಾಕಿಕೊಂಡರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಯೂಟ್ಯೂಬ್ ಚಾನೆಲ್‌ಗಳನ್ನು ಹೀಗೆ ಕುಕಿ ಕದ್ದು ಹೈಜಾಕ್ ಮಾಡುವ ತಂಡಗಳ ಬಗ್ಗೆ ಗೂಗಲ್ 2021ರ ಅಕ್ಟೋಬರಿನಲ್ಲಿ ವರದಿ ಮಾಡಿತ್ತು. ಜಾಹೀರಾತು ಕೊಡುತ್ತೇವೆ, ನಮ್ಮ ತಂತ್ರಾಂಶ ಪರೀಕ್ಷಿಸಿ ನೋಡಿ ಎಂದು ಇಮೇಲ್ ಕಳಿಸುವುದು ಅವರ ಗಾಳ. ಯಕ್ಷಗಾನ, ನೇಮ ಲೈವ್ ಮಾಡುವ ನಮ್ಮ ಹುಡುಗರು ಇದನ್ನು ಗಮನಿಸಬೇಕು. ವರ್ಷಗಟ್ಟಲೆ ಕೂಡಿಹಾಕಿದ ಚಾನೆಲ್ ಒಂದು ರಾತ್ರಿಯಲ್ಲಿ ಕ್ರಿಪ್ಟೋ ಜಾಹೀರಾತಿನ ಚಾನೆಲ್ ಆಗುವುದು ಹೀಗೆಯೇ.

ಕೆಲವು ಸ್ಟೀಲರುಗಳು ಡೆಸ್ಕ್‌ಟಾಪಿನಲ್ಲಿ, ಡಾಕ್ಯುಮೆಂಟ್ಸ್‌ನಲ್ಲಿ ಸಿಕ್ಕಿದ ಫೈಲುಗಳನ್ನೂ ಹೊತ್ತೊಯ್ಯುತ್ತವೆ. ಡಿಟಿಪಿ ಅಂಗಡಿಯ ಡೆಸ್ಕ್‌ಟಾಪಿನಲ್ಲಿ ಏನಿರುತ್ತದೆ? ಊರಿನವರ ಆಧಾರ್, ಪಾನ್, ರೇಷನ್ ಕಾರ್ಡ್, ಪಾಸ್‌ಪೋರ್ಟಿನ ಸ್ಕ್ಯಾನ್. ಇ-ಆಧಾರ್ ಪಿಡಿಎಫಿಗೆ ಪಾಸ್‌ವರ್ಡ್ ಇದೆ ನಿಜ, ಆದರೆ ಅದು ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಪಕ್ಕದಲ್ಲೇ ಪಾನ್ ಕಾರ್ಡ್ ಇದ್ದರೆ ಅದು ಪಾಸ್‌ವರ್ಡೇ ಅಲ್ಲ. ನನ್ನನ್ನು ಕೇಳಿದರೆ, ಅಂಗಡಿಯವರು ತಮ್ಮ ಹಣಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಈ ವಿಷಯಕ್ಕೆ. ಪ್ರಿಂಟ್ ಆದ ಕೂಡಲೇ ಫೈಲ್ ಅಳಿಸಿ ರೀಸೈಕಲ್ ಬಿನ್ನೂ ಖಾಲಿ ಮಾಡಿದರೆ ಕದಿಯಲು ಸಿಗುವುದು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ.

ಎಲ್ಲವನ್ನೂ ಕಟ್ಟಿ ಕಳಿಸಿದ ಮೇಲೆ ಎಷ್ಟೋ ಸ್ಟೀಲರುಗಳು ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಹಾಗಾಗಿ ‘ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ’ ಎಂಬುದಕ್ಕೆ ‘ಏನೂ ಆಗಿಲ್ಲ’ ಎಂಬ ಅರ್ಥ ಬರುವುದಿಲ್ಲ.

ಇದರ ಉಲ್ಟಾ ಕೂಡ ಉಂಟು. ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್’ ಎಂದು ಮೇಲಿಂದ ಮೇಲೆ ಬಂದರೆ ಅದು ಸ್ಪೈವೇರ್ ಆಗಿರುವುದಕ್ಕಿಂತ ಬ್ರೌಸರಿನ ನೋಟಿಫಿಕೇಶನ್ ಆಗಿರುವ ಸಾಧ್ಯತೆಯೇ ಜಾಸ್ತಿ. ಯಾವುದೋ ತಾಣದಲ್ಲಿ ‘ಅಲೋ’ ಒತ್ತಿರುತ್ತೀರಿ. ಬ್ರೌಸರಿನ ಸೆಟ್ಟಿಂಗಿನಲ್ಲಿ ನೋಟಿಫಿಕೇಶನ್ ಪಟ್ಟಿ ತೆರೆದು ಆ ತಾಣವನ್ನು ತೆಗೆದರೆ ಮುಗಿಯಿತು. ಇಷ್ಟಕ್ಕೇ ದುಡ್ಡು ಕೊಟ್ಟು ಫಾರ್ಮ್ಯಾಟ್ ಮಾಡಿಸುವವರಿದ್ದಾರೆ. ನಿಜವಾಗಿ ಹೆದರಬೇಕಾದ ಲಕ್ಷಣಗಳು ಬೇರೆ: ವಿಂಡೋಸಿನದ್ದೇ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್ ತನ್ನಿಂದ ತಾನೇ ಆಫ್ ಆಗಿರುವುದು, ನಿಮ್ಮದೇ ಕಂಪ್ಯೂಟರಿನಲ್ಲಿ ‘ಇದನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂದು ಕಾಣುವುದು, ನೀವು ಹಾಕದ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಬ್ರೌಸರಿನಲ್ಲಿ ಕೂತಿರುವುದು, ಗೊತ್ತಿಲ್ಲದ ಊರಿನಿಂದ ಜಿಮೇಲ್ ಲಾಗಿನ್ ಆದ ಸುದ್ದಿ ಬರುವುದು.

ಅನುಮಾನ ಗಟ್ಟಿಯಾದರೆ ಮೊದಲು ನೆಟ್ ಕಡಿಯಿರಿ. ವೈಫೈ ಆಫ್ ಮಾಡಿ, ಇಲ್ಲವೇ ಕೇಬಲ್ ಕಿತ್ತುಬಿಡಿ. ಸ್ಕ್ಯಾನಿಂಗ್ ಆಮೇಲೆ. ಅದಕ್ಕಿಂತ ಮುಂಚೆ ಬೇರೆ ಫೋನಿನಿಂದಲೋ ಬೇರೆ ಕಂಪ್ಯೂಟರಿನಿಂದಲೋ ಇಮೇಲಿನ ಪಾಸ್‌ವರ್ಡ್ ಬದಲಾಯಿಸಿ. ಇಮೇಲೇ ಮೊದಲು, ಯಾಕೆಂದರೆ ಉಳಿದ ಎಲ್ಲ ಖಾತೆಗಳ ಪಾಸ್‌ವರ್ಡ್ ರೀಸೆಟ್ ಅಲ್ಲಿಗೇ ಬರುತ್ತದೆ. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ‘ಯುವರ್ ಡಿವೈಸಸ್’ ಪಟ್ಟಿ ತೆರೆದು ಎಲ್ಲವನ್ನೂ ಸೈನ್‌ಔಟ್ ಮಾಡಿ. ಕದ್ದ ಕುಕಿ ಕೆಲಸಕ್ಕೆ ಬಾರದಂತೆ ಆಗುವುದು ಆಗಲೇ. ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸಸ್‌ನಿಂದ ಆ ಕಂಪ್ಯೂಟರನ್ನು ತೆಗೆದುಹಾಕಿ. ಬ್ಯಾಂಕ್, ಫೇಸ್‌ಬುಕ್ ಆಮೇಲೆ. ಇದೆಲ್ಲವನ್ನೂ ಸೋಂಕು ತಗುಲಿದ ಕಂಪ್ಯೂಟರಿನಲ್ಲೇ ಕೂತು ಮಾಡಿದರೆ ಹೊಸ ಪಾಸ್‌ವರ್ಡೂ ಹೋಯಿತು ಎಂದೇ ಲೆಕ್ಕ.

ಇನ್ನು ಕಂಪ್ಯೂಟರ್. ವಿಂಡೋಸ್ ಸೆಕ್ಯುರಿಟಿಯಲ್ಲಿ ಎಕ್ಸ್‌ಕ್ಲೂಶನ್ಸ್ ಎಂಬ ಪಟ್ಟಿ ಉಂಟು, ಡಿಫೆಂಡರ್ ಎಲ್ಲಿ ನೋಡಬಾರದು ಎಂಬುದರ ಪಟ್ಟಿ. ಹೆಚ್ಚಿನವರು ಅದನ್ನು ತೆರೆದೇ ನೋಡಿರುವುದಿಲ್ಲ. ಇಡೀ ಸಿ ಡ್ರೈವನ್ನೇ ಅಲ್ಲಿ ಸೇರಿಸಿಬಿಡುವ ಸ್ಪೈವೇರುಗಳಿವೆ. ಹಾಗೆ ಮಾಡಿಟ್ಟರೆ ಡಿಫೆಂಡರ್ ದಿನವಿಡೀ ಸ್ಕ್ಯಾನ್ ಮಾಡಿ ‘ಎಲ್ಲ ಸರಿ ಇದೆ’ ಎನ್ನುತ್ತಲೇ ಇರುತ್ತದೆ. ಆ ಪಟ್ಟಿ ಖಾಲಿ ಮಾಡಿ, ಆಮೇಲೆ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಇದು ವಿಂಡೋಸ್ ಪೂರ್ತಿ ಏಳುವ ಮೊದಲೇ ಓಡುವ ಕಾರಣ, ವಿಂಡೋಸ್ ಒಳಗೆ ಅಡಗುವವುಗಳೂ ಸಿಕ್ಕಿಬೀಳುತ್ತವೆ. ಸುಮಾರು 15 ನಿಮಿಷದ ಕೆಲಸ. ಎರಡನೆಯ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್‌ನ ಪುಕ್ಕಟೆ ಆವೃತ್ತಿಯಿಂದ ಒಂದು ಸ್ಕ್ಯಾನ್ ಸಾಕು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಇಂಥ ಸಾಧನಗಳನ್ನು ಪುಕ್ಕಟೆ ಕೊಡುತ್ತಿದೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಆಂಟಿವೈರಸ್ ಖಾಯಂ ಆಗಿ ಕೂರಿಸಬೇಡಿ, ಅವು ಒಂದಕ್ಕೊಂದು ಅಡ್ಡ ಬರುತ್ತವೆ. ಇನ್‌ಸ್ಟಾಲ್ ಆದ ಪ್ರೋಗ್ರಾಮುಗಳನ್ನು ತಾರೀಕಿನ ಪ್ರಕಾರ ಜೋಡಿಸಿ ನೋಡಿದರೆ ತೊಂದರೆ ಶುರುವಾದ ದಿನ ಏನು ಬಂತು ಎಂದು ಗೊತ್ತಾಗುತ್ತದೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯನ್ನೂ ಟಾಸ್ಕ್ ಶೆಡ್ಯೂಲರನ್ನೂ ನೋಡಿ. ಅಳಿಸಿದ್ದು ಮರುದಿನ ಮತ್ತೆ ಹಾಜರಾದರೆ ಎಬ್ಬಿಸುತ್ತಿರುವುದು ಹೆಚ್ಚಾಗಿ ಇವೆರಡರಲ್ಲಿ ಒಂದು.

ಇಷ್ಟಾದರೂ ನಂಬಿಕೆ ಬಾರದಿದ್ದರೆ, ಬ್ಯಾಂಕಿನ ಕೆಲಸ ಮಾಡುವ ಕಂಪ್ಯೂಟರಾದರೆ ಬಾರದಿರುವುದೇ ಸರಿ, ಆಗ ಫಾರ್ಮ್ಯಾಟ್. ಫೋಟೋ, ದಾಖಲೆ ಮಾತ್ರ ಎತ್ತಿಟ್ಟುಕೊಳ್ಳಿ. ಸೆಟಪ್ ಫೈಲುಗಳನ್ನು, ಕ್ರ್ಯಾಕ್ ಇಟ್ಟ ಫೋಲ್ಡರನ್ನು ಬೇಡ. ವಿಂಡೋಸನ್ನು ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲಿನಿಂದ 8 ಜಿಬಿ ಪೆನ್‌ಡ್ರೈವಿಗೆ ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಬಹುದು. ಲ್ಯಾಪ್‌ಟಾಪಿನ ಜೊತೆಗೇ ವಿಂಡೋಸ್ ಬಂದಿದ್ದರೆ ಅದರ ಲೈಸೆನ್ಸ್ ಲ್ಯಾಪ್‌ಟಾಪಿನಲ್ಲೇ ಇರುತ್ತದೆ, ಅದೇ ಆವೃತ್ತಿ ಹಾಕಿದರೆ ತಾನಾಗಿ ಆಕ್ಟಿವೇಟ್ ಆಗುತ್ತದೆ. ಅಂಗಡಿಗೆ ಕೊಟ್ಟರೆ ಆಗುವುದೇನು? ಅಲ್ಲಿ ಒಂದು ಪೆನ್‌ಡ್ರೈವ್ ಇರುತ್ತದೆ. ಅದರಲ್ಲಿ ಯಾರೋ ಆಗಲೇ ಆಕ್ಟಿವೇಟ್ ಮಾಡಿಟ್ಟ ವಿಂಡೋಸ್, ಆಫೀಸ್, ಫೋಟೋಶಾಪ್ ಎಲ್ಲ ತಯಾರಾಗಿ ಕೂತಿರುತ್ತವೆ. ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಕ್ರ್ಯಾಕಿನಿಂದ ಬಂದ ರೋಗಕ್ಕೆ ಕ್ರ್ಯಾಕಿನಿಂದಲೇ ಚಿಕಿತ್ಸೆ. ಅಂಗಡಿಯವರದ್ದೇ ತಪ್ಪು ಎನ್ನಲಾರೆ. ‘ಲೈಸೆನ್ಸಿಗೆ ದುಡ್ಡಾಗುತ್ತದೆ’ ಎಂದರೆ ಪಕ್ಕದ ಅಂಗಡಿಗೆ ಹೋಗುವವರು ನಾವೇ.

ಹಳೆಯ ಕಂಪ್ಯೂಟರಿನವರಿಗೆ ಇನ್ನೊಂದು ತಲೆನೋವು. ವಿಂಡೋಸ್ 10ರ ಮಾಮೂಲಿ ಭದ್ರತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಕೊಟ್ಟರು, ಅಷ್ಟೇ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ವಿಂಡೋಸ್ 11ಕ್ಕೆ ಆಗುವುದಿಲ್ಲ. ಇಲ್ಲಿ ಕಾಸರಗೋಡಿನವರಿಗೆ ಗಡಿಯಾಚೆಯವರಿಗಿಲ್ಲದ ಒಂದು ಅನುಕೂಲ ಉಂಟು. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಕೇರಳ ಸರ್ಕಾರದ ಕೈಟ್ ಸಂಸ್ಥೆಯ, ಉಬುಂಟು ಆಧಾರಿತ ಲಿನಕ್ಸಿನಲ್ಲಿ; ವಿಂಡೋಸಿನ ಬದಲು ಹಾಕಬಹುದಾದ ಪುಕ್ಕಟೆ ವ್ಯವಸ್ಥೆ ಅದು. ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುವುದು ಅದನ್ನೇ. ಅಂದರೆ ಮನೆಯಲ್ಲಿ ಲಿನಕ್ಸ್ ಗೊತ್ತಿರುವ ಒಬ್ಬರು ಆಗಲೇ ಇದ್ದಾರೆ. ಬ್ರೌಸರ್, ಇಮೇಲ್, ಪತ್ರ ಬರೆಯುವುದು ಇಷ್ಟೇ ಕೆಲಸವಾದರೆ ಹಳೆಯ ಕಂಪ್ಯೂಟರಿಗೆ ಅದೇ ಸಾಕು. ವಿಂಡೋಸಿಗೆ ಬರೆದ ಸ್ಟೀಲರುಗಳು ಅಲ್ಲಿ ಹಾಗೇ ಓಡುವುದಿಲ್ಲ. ಕೆಟ್ಟ ಎಕ್ಸ್‌ಟೆನ್ಶನ್, ನಕಲಿ ಲಾಗಿನ್ ಪುಟದ ಕಾಟ ಮಾತ್ರ ಅಲ್ಲಿಯೂ ತಪ್ಪುವುದಿಲ್ಲ. ಪೇಜ್‌ಮೇಕರ್, ಕೋರೆಲ್‌ಡ್ರಾ ನಂಬಿಕೊಂಡ ಡಿಟಿಪಿಯವರಿಗೂ ಈ ದಾರಿ ಇಲ್ಲ. ಅವರು ಎರಡು ಕಂಪ್ಯೂಟರ್ ಇಟ್ಟುಕೊಳ್ಳುವುದು ವಾಸಿ: ಗಿರಾಕಿಗಳ ಪೆನ್‌ಡ್ರೈವಿಗೆ ಒಂದು, ಜಿಮೇಲ್ ಮತ್ತು ಬ್ಯಾಂಕಿಗೆ ಇನ್ನೊಂದು. ಆ ಎರಡನೆಯದು ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ.

ಹಣವೇ ಹೋಗಿದ್ದರೆ ಕ್ರಮ ಬೇರೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಕೈ ದಾಟುವ ಮೊದಲು ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲೇ. ಬ್ಯಾಂಕಿಗೂ ತಿಳಿಸಿ. ಕೇಂದ್ರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ, ಇಲ್ಲವೇ ಕಾಸರಗೋಡಿನ ಸೈಬರ್ ಪೊಲೀಸ್ ಠಾಣೆಗೆ ಹೋಗಿ. ಮಲಯಾಳ ಬರೆಯಲು ಬಾರದು ಎಂದು ಸುಮ್ಮನಿರಬೇಕಾಗಿಲ್ಲ. ಇಲ್ಲಿನ ಕನ್ನಡಿಗರು ಸರ್ಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು. ಟ್ರಾನ್ಸಾಕ್ಷನ್ ನಂಬರ್, ಬಂದ ಎಸ್‌ಎಂಎಸ್, ಇಮೇಲುಗಳ ಸ್ಕ್ರೀನ್‌ಶಾಟ್ ಜೊತೆಗಿರಲಿ. ಮತ್ತು ದೂರು ದಾಖಲಾಗಿ, ಕಂಪ್ಯೂಟರ್ ನೋಡಬೇಕೋ ಬೇಡವೋ ಎಂದು ಪೊಲೀಸರು ಹೇಳುವ ತನಕ ಅದನ್ನು ಆಫ್ ಮಾಡಿ ಹಾಗೇ ಇಡಿ. ಯಾರು ಎಷ್ಟೇ ಹೇಳಿದರೂ ಫಾರ್ಮ್ಯಾಟ್ ಮಾಡಿಸಬೇಡಿ.